ಹೊನ್ನತಾಯಮ್ಮನ ಪುಡಿ

ಕಾಗದ ಬಂದದ್ದು ಹೊನ್ನತಾಯಮ್ಮನ ಹೆಸರಿಗೆ. ಹೊನ್ನತಾಯಮ್ಮ ಎನ್ನುವ ಹೆಂಗಸು ಈ ಭೂಮಿಯ ಮೇಲೆ ಹುಟ್ಟಿಯೇ ಇರಲಿಲ್ಲವಾದ್ದರಿಂದ ಅವಳಿಗೆ ಬಂದ ಕಾಗದಗಳನ್ನೆಲ್ಲ ಭೋಜರಾಜನೇ ಒಡೆದು ಓದುತ್ತಿದ್ದ. ಅವಳ ಪರವಾಗಿ ಉತ್ತರವನ್ನೂ ಅವನೇ ಬರೆಯುತ್ತಿದ್ದ. ಹದಿನೈದು ದಿನಕ್ಕೊಮ್ಮೆ ಪೆರುಂಗುಡಿಯ ಕಂಪನಿಯಿಂದ ಐದಾರು ಲಕೋಟೆಗಳು ವೇಲಚೇರಿಯ ಅವನ ಫ್ಲ್ಯಾಟಿಗೆ ಬರುತ್ತಿದ್ದವು. ಎಲ್ಲದರಲ್ಲೂ ಒಂದೇ ಮಾತು: ಅಜ್ಜಿ, ನಿಮ್ಮ ಪುಡಿ ಅಮೃತ, ನೀವು ನೂರು ವರ್ಷ ಬಾಳಿ. ಹುಟ್ಟದೇ ಇದ್ದವಳು ನೂರೇನು, ಇನ್ನೂರು ವರ್ಷವೂ ಬಾಳಿಯಾಳು ಎಂದು ನಗುತ್ತ ಭೋಜರಾಜ ಆಶೀರ್ವಾದ ಬರೆದು ಕಳಿಸುತ್ತಿದ್ದ.

ಈ ಕಾಗದ ತಿರುವೊಟ್ಟಿಯೂರಿನಿಂದ ಬಂದಿತ್ತು. ಬರೆದವನು ಉದಯ್ ಎಂಬ ಕಾರ್ಖಾನೆ ಕೆಲಸಗಾರ. ಇಪ್ಪತ್ತನಾಲ್ಕು ವರ್ಷ ಚೆನ್ನೈಯಲ್ಲಿದ್ದರೂ ಭೋಜರಾಜ ತಮಿಳನ್ನು ಅಕ್ಷರ ಕೂಡಿಸಿಕೊಂಡೇ ಓದುವವನು. ಹಾಗೆ ನಿಧಾನವಾಗಿ ಓದಿದ್ದರಿಂದ ಹೆದರಿಕೆಯೂ ನಿಧಾನವಾಗಿಯೇ ಮೈಗೆ ಏರಿತು.

'ಅಜ್ಜಿಗೆ ನಮಸ್ಕಾರ. ನಿಮ್ಮ ಕಥೆ ಓದಿದ ದಿನವೇ ನಮ್ಮ ಅಮ್ಮ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟರು. ನಿಮ್ಮ ಪುಡಿ ಮಾತ್ರ ತೆಗೆದುಕೊಳ್ಳುತ್ತಿದ್ದಾರೆ. ಮೂರು ತಿಂಗಳಾಯಿತು. ಕಾಲ ಬೆರಳಿನ ಹುಣ್ಣು ಮಾಯುತ್ತಿಲ್ಲ, ಕಪ್ಪಗಾಗುತ್ತಿದೆ. ಆಸ್ಪತ್ರೆಗೆ ಹೋಗೋಣವೆಂದರೆ ಮೊದಲು ಅಜ್ಜಿಯನ್ನು ಕೇಳು ಎನ್ನುತ್ತಾರೆ. ನೀವು ಹೇಗೆ ಹೇಳಿದರೆ ಹಾಗೆ.'

ಕೊನೆಯ ಸಾಲನ್ನು ಓದಿ ಭೋಜರಾಜ ಕಾಗದವನ್ನು ಮಡಿಸಿದ. ಮತ್ತೆ ಬಿಚ್ಚಿ ಓದಿದ.

ಈ ಭೋಜರಾಜ ಹಿಂದೆ ವಿಮಾ ಕಂಪನಿಯಲ್ಲಿ ಕ್ಲೇಮು ವಿಭಾಗದವನು. ನಿಂತಿದ್ದ ಲಾರಿ ತಾನಾಗಿ ಹೊರಟು ಗೋಡೆಗೆ ಗುದ್ದಿತು, ಇಲಿ ವೈರು ಕಡಿದು ಗೋದಾಮಿಗೆ ಬೆಂಕಿ ಬಿತ್ತು ಎಂದು ಜನ ಬರೆದು ತರುವ ಕಥೆಗಳಲ್ಲಿ ಸುಳ್ಳು ಹುಡುಕುವುದೇ ಅವನ ಕಸುಬಾಗಿತ್ತು. ಎರಡು ಸಾವಿರದ ನಾಲ್ಕರಲ್ಲಿ ಸ್ವಯಂನಿವೃತ್ತಿ ಯೋಜನೆ ಬಂದಾಗ ಬರೆದುಕೊಟ್ಟು ಹೊರಗೆ ಬಂದ. ಇಷ್ಟು ವರ್ಷ ಬೇರೆಯವರ ಕಥೆ ಹರಿದದ್ದಾಯಿತು, ಇನ್ನು ನಾನೇ ಹೊಲಿಯುತ್ತೇನೆ ಎಂದು, ಅಂಗಡಿ ಸರಕುಗಳಿಗೆ ಕಥೆ ಬರೆದುಕೊಡುವ 'ಬ್ರ್ಯಾಂಡ್ ಕಥೆಗಾರ' ಅಂತ ಇಂಗ್ಲಿಷಿನಲ್ಲಿ ಕಾರ್ಡು ಅಚ್ಚು ಹಾಕಿಸಿದ. ಮೊದಮೊದಲು ಪ್ರಾಮಾಣಿಕವಾಗಿಯೇ ಇದ್ದ. ಹಿತ್ತಾಳೆ ದೀಪದ ಅಂಗಡಿಯ ಮುದುಕರ ಎದುರು ಮೂರು ದಿನ ಕೂತು, ಅವರ ತಾತ ಯಾವ ಊರಿನಿಂದ ಹೇಗೆ ಬಂದರು ಎಂದು ಕೇಳಿ ಬರೆದಿದ್ದ. ಆದರೆ ಎಲ್ಲ ಅಂಗಡಿಗೂ ತಾತ ಇರುವುದಿಲ್ಲವಲ್ಲ. ಇಲ್ಲದವರಿಗೆ ಒಬ್ಬ ತಾತನನ್ನು ಒದಗಿಸಿದರೆ ತಪ್ಪೇನು ಎಂದು ಅನ್ನಿಸಿದ ದಿನ ಅವನ ಕಸುಬು ಕುದುರಿತು.

ಒಂದು ಪದ್ಧತಿ ಇಟ್ಟುಕೊಂಡಿದ್ದ. ಬರೆದದ್ದನ್ನು ಮೊದಲು ಸಂಜೆಯ ಕಾಫಿಯ ಹೊತ್ತಿನಲ್ಲಿ ತಾಯಿ ಪ್ರೇಮಮ್ಮನಿಗೆ ಕನ್ನಡದಲ್ಲಿ ಓದುವುದು. ಇದು ನಿಜವೋ ಕಟ್ಟಿದ್ದೋ ಎಂದು ಹೇಳಬಾರದು. ಅವಳು ಎಲ್ಲಿ ಹುಬ್ಬು ಏರಿಸಿದಳೋ ಅಲ್ಲಿ ತಿದ್ದುವುದು. ಅವಳು ಪೂರ್ತಿ ನಂಬಿದ ಮೇಲೆ ಹೆಂಡತಿ ಸೀತಾ ಅದನ್ನು ತಮಿಳಿಗೆ ತಿರುಗಿಸುತ್ತಿದ್ದಳು. ಸೀತಾ ಚೆನ್ನೈಯಲ್ಲೇ ಹುಟ್ಟಿ ಬೆಳೆದವಳು, ಬ್ಯಾಂಕಿನಲ್ಲಿ ಕೆಲಸ. "ಅವ್ವ ನಂಬಿದರೆ ಊರು ನಂಬಿತು" ಎಂಬುದು ಭೋಜರಾಜನ ವ್ಯಾಪಾರದ ಸೂತ್ರ. ಓದಿ ಮುಗಿದ ಮೇಲೆ ಇದು ಬರೀ ಕಥೆ ಎಂದು ಅವ್ವನಿಗೆ ಹೇಳಬೇಕೆಂದು ಅವನಿಗೆ ಒಂದು ಸಲವೂ ಹೊಳೆದಿರಲಿಲ್ಲ. ಹೇಳಿದರೆ ಮುಂದಿನ ಸಲ ಪರೀಕ್ಷೆ ಕೆಡುತ್ತದಲ್ಲ!

ಹೊನ್ನತಾಯಮ್ಮ ಹುಟ್ಟಿದ್ದೂ ಹೀಗೆಯೇ. ತಿರುಮಲ ಎಂಬ ಹೊಸೂರು ಕಡೆಯವನೊಬ್ಬ ಪೆರುಂಗುಡಿಯಲ್ಲಿ ನೇರಳೆ ಬೀಜ, ಮೆಂತ್ಯ ಕುಟ್ಟಿ ಸಕ್ಕರೆ ಕಾಯಿಲೆಗೆಂದು ಪುಡಿ ಮಾಡಿಸುತ್ತಿದ್ದ. ಅದಕ್ಕೊಬ್ಬ ಅಜ್ಜಿ ಬೇಕು ಎಂದ. ತಮಿಳುನಾಡಿನ ಅಜ್ಜಿಯಾದರೆ ಯಾರಾದರೂ ಹುಡುಕಿಕೊಂಡು ಹೋದಾರು ಎಂದು ಭೋಜರಾಜ ಅವಳನ್ನು ಗಡಿಯಾಚೆ, ಕಪಿಲೆಯ ದಂಡೆಯಲ್ಲಿ, ತನ್ನ ತಾಯಿಯ ಸೀಮೆಯಲ್ಲೇ ಇಟ್ಟ. ತೊಂಬತ್ತೆರಡು ವರ್ಷ. ಡಾಕ್ಟರು ಕೈಬಿಟ್ಟ ಮೇಲೆ ಮಾತ್ರೆಗಳನ್ನೆಲ್ಲ ಹೊಳೆಗೆ ಚೆಲ್ಲಿ ಬಂದು ಪುಡಿ ಕುಟ್ಟಿಕೊಂಡವಳು. ಮಾತ್ರೆ ಹೊಳೆಗೆ ಚೆಲ್ಲುವ ಆ ಸಾಲು ಬರೆದಾಗ ಅವನು ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದ. ಅವ್ವನಿಗೆ ಓದಿದಾಗ ಅವಳು ಹುಬ್ಬು ಏರಿಸಲಿಲ್ಲ. "ಯಾರು, ಆ ನೇರಳೆ ಮರದ ಮನೆಯೋಳಾ?" ಎಂದು ಕೇಳಿದಳು. ಭೋಜರಾಜನಿಗೆ ರೋಮಾಂಚನವಾಗಿತ್ತು. ಅವತ್ತೇ ಅಜ್ಜಿಯ ಅಂಗಳದಲ್ಲೊಂದು ನೇರಳೆ ಮರ ನೆಟ್ಟು, ಪೊಟ್ಟಣದ ಜೊತೆ ಕೊಡುವ ಚೀಟಿಗೆಂದು ಕಥೆಯನ್ನು ಅಚ್ಚಿಗೆ ಕಳಿಸಿದ.

ಈಗ ಆ ಕಥೆ ತಿರುವೊಟ್ಟಿಯೂರಿನಲ್ಲಿ ಯಾರದೋ ಕಾಲ ಬೆರಳನ್ನು ತಿನ್ನುತ್ತಿತ್ತು.

ಅವನು ಕಾಗದ ಹಿಡಿದು ಪೆರುಂಗುಡಿಗೆ ಓಡಿದ. ಗಾಜಿನ ಕಟ್ಟಡಗಳ ಹಿಂದಿನ ಹಳೇ ಶೆಡ್ಡಿನಲ್ಲಿ ತಿರುಮಲನ ಆಫೀಸು. ತಿರುಮಲ ಕಾಗದ ಓದುತ್ತ ಹೋದಂತೆ ಅವನ ಮುಖ ಅರಳಿತು.

"ಸೂಪರ್ ಸಾರ್! ಕಥೆ ಓದಿದ ದಿನಾನೇ ಮಾತ್ರೆ ವಿಟ್ಟುಟ್ಟಾಂಗ, ಬಿಟ್ಟೇಬಿಟ್ರು ನೋಡಿ! ಕಾಲ್ ವಿಷಯ ತೆಗೆದುಬಿಟ್ಟು ಮಿಕ್ಕಿದ್ದು ಪೇಪರಲ್ಲಿ ಹಾಕೋಣ."

"ತಿರುಮಲ, ಆ ಹೆಂಗಸು ಸಾಯ್ತಾಳೆ ಕಣ್ರೀ."

"ಯಾಕ್ ಸಾರ್ ಕೆಟ್ಟ ಮಾತು? ನಮ್ಮ ಪ್ಯಾಕೆಟ್ ಮೇಲೆ ಮಾತ್ರೆ ಬಿಡಿ ಅಂತ ಎಲ್ಲಾದ್ರೂ ಇದೆಯಾ? ವಕೀಲರಿಗೆ ತೋರಿಸಿಯೇ ಹಾಕಿದ್ದು. ಅದು ಅಜ್ಜಿ ಕಥೆ. ಕಥೆ ಮೇಲೆ ಕೇಸ್ ಇಲ್ಲ."

"ಅಜ್ಜಿ ಹೆಸರಲ್ಲೇ ಬರೀತೀನಿ. ಮಾತ್ರೆ ತಗೊಳ್ಳಿ, ಇವತ್ತೇ ಆಸ್ಪತ್ರೆಗೆ ಹೋಗಿ ಅಂತ."

ತಿರುಮಲ ನಗು ನಿಲ್ಲಿಸಿದ. ಕಾಗದವನ್ನು ಮೇಜಿನ ಮೇಲೆ ಇಟ್ಟ. "ಅದು ಮಾತ್ರ ವೇಂಡಾ ಸಾರ್, ಬೇಡ. ಅಜ್ಜಿನೇ ಮಾತ್ರೆ ನುಂಗು ಅಂದ್ಲು ಅಂತ ಒಂದು ಕಾಗದ ಹೊರಗೆ ಹೋದ್ರೆ ನಾಳೆ ಪುಡಿ ಯಾರು ತಗೋತಾರೆ? ಹೇಳೋನು ಹೇಳಿದ್ರೆ ಕೇಳೋನಿಗೆ ಬುದ್ಧಿ ಬೇಡ್ವಾ? ಅಜ್ಜಿ ನನ್ನ ಸೊತ್ತು, ನಿಮ್ಮ ಸೊತ್ತಲ್ಲ. ನೀವೇ ಸಹಿ ಹಾಕಿದ್ದೀರಿ."

ಸಹಿ ಹಾಕಿದ್ದು ನಿಜ. ಈ ಒಬ್ಬ ತಿರುಮಲ ಮುನಿದರೆ ಭೋಜರಾಜನ ಹೊಸ ಕಸುಬು ಅಲ್ಲಿಗೇ ಗಂಟುಮೂಟೆ ಕಟ್ಟಬೇಕು ಎಂಬುದೂ ನಿಜ. ಅವನು ನಾಳೆ ಬರೆದರಾಯಿತು, ನಾಳೆ ಹೇಗಾದರೂ ಮಾಡಿದರಾಯಿತು ಎಂದು ಕಾಗದವನ್ನು ಜೇಬಿಗೆ ತುರುಕಿಕೊಂಡು ಬಸ್ಸು ಹತ್ತಿದ. ನಾಚಿಕೆಯಾಗಿತ್ತು. ಆದರೆ ನಾಚಿಕೆಗಿಂತ ಹೆದರಿಕೆ ದೊಡ್ಡದಾಗಿತ್ತು, ಅದು ಇನ್ನೂ ತನ್ನ ಬಗ್ಗೆಯೇ ಇದ್ದ ಹೆದರಿಕೆ.

ಮನೆಯ ಬಾಗಿಲಲ್ಲಿ ಸೀತಾ ಕೈಯಲ್ಲಿ ಫಿನಾಯಿಲ್ ಬಾಟಲಿ ಹಿಡಿದು ನಿಂತಿದ್ದಳು. "ಏನ್ರೀ, ಅತ್ತೆ ಬಾತ್‌ರೂಮಲ್ಲಿ ಒರೇ ಇರುವೆ, ಬರೀ ಇರುವೆ! ಎಷ್ಟು ತೊಳೆದ್ರೂ ಸಾಲುಸಾಲಾಗಿ ಬರ್ತಾವೆ. ಒಂದು ವಾರ ಆಯ್ತು, ಏನ್ ಮಾಡೋದು ಅಂತಾನೇ ತಿಳೀತಿಲ್ಲ."

ಭೋಜರಾಜ ಚಪ್ಪಲಿ ಬಿಡುತ್ತಿದ್ದವನು ಹಾಗೇ ನಿಂತ. ಅವ್ವನಿಗಿದ್ದ ಸಕ್ಕರೆ ಕಾಯಿಲೆಯೇ ಅವನ ಅಪ್ಪನಿಗೂ ಇತ್ತು. ಹಿತ್ತಲಿನ ಬಚ್ಚಲ ಬದಿಯಲ್ಲಿ ಇರುವೆ ಕಂಡಾಗ ಮನೆಯ ಹಿರಿಯರು ಮುಖ ಸಣ್ಣಗೆ ಮಾಡಿಕೊಂಡದ್ದು ಅವನಿಗೆ ನೆನಪಿತ್ತು. ಮೂತ್ರದಲ್ಲಿ ಸಕ್ಕರೆ ಹೋದರೆ ಇರುವೆಗಳಿಗೆ ಯಾರೂ ಹೇಳಿ ಕಳಿಸಬೇಕಾಗಿಲ್ಲ.

ಅವ್ವ ಕೋಣೆಯಲ್ಲಿ ಮಂಚದ ಮೇಲೆ ಒರಗಿ ನೀರು ಕುಡಿಯುತ್ತಿದ್ದಳು. ಪಕ್ಕದಲ್ಲಿ ತುಂಬಿದ ತಂಬಿಗೆ. ಭೋಜರಾಜನ ಕಣ್ಣು ತಂಬಿಗೆಯಿಂದ ಕಾಲಿಗೆ ಇಳಿಯಿತು. ಎಡಗಾಲಿನ ಹಿಮ್ಮಡಿಗೆ ಹಳೇ ಸೀರೆಯ ಚಿಂದಿ ಕಟ್ಟಿತ್ತು.

"ಅವ್ವಾ, ಮಾತ್ರೆ ತಗೋತಿದ್ದೀಯಾ?"

"ತಗೋತಿಲ್ಲ" ಎಂದಳು ಪ್ರೇಮಮ್ಮ, ಏಕಾದಶಿ ಉಪವಾಸದ ಸುದ್ದಿ ಹೇಳಿದಷ್ಟು ಸಲೀಸಾಗಿ. "ಎರಡು ತಿಂಗ್ಳಾಯ್ತು ಬುಟ್ಟು. ಹೊನ್ನತಾಯಮ್ಮನ ಪುಡಿನೇ ತಗೋತಿವ್ನಿ. ನೀನೇ ತಂದು ಮಡಗಿದ್ಯಲ್ಲ, ಒಂದು ಪೆಟ್ಟಿಗೆ ಪೂರಾ." ಬಗ್ಗಿ ಮಂಚದಡಿಯಿಂದ ಬಿಸ್ಕತ್ತಿನ ಡಬ್ಬಿ ಎಳೆದು ತೆರೆದು ತೋರಿಸಿದಳು. ಒಳಗೆ ಒಡೆಯದ ಮಾತ್ರೆ ಪಟ್ಟಿಗಳು ಒಪ್ಪವಾಗಿ ಜೋಡಿಸಿದ್ದವು. "ಅವ್ಳೇನೋ ಹೊಳೆಗೆ ಚೆಲ್ಲುದ್ಲು. ದುಡ್ಡು ಕೊಟ್ಟು ತಂದದ್ದು, ನಂಗೆ ಮನಸ್ ಬರ್ನಿಲ್ಲ."

ಭೋಜರಾಜ ನೆಲದ ಮೇಲೆ ಕುಕ್ಕರಿಸಿ ಕೂತ. ಚಿಂದಿ ಬಿಚ್ಚಿದ. ಹಿಮ್ಮಡಿಯ ಬಿರುಕು ಒಂದು ಬೆರಳು ಹೋಗುವಷ್ಟು ಬಾಯಿ ತೆರೆದಿತ್ತು, ಅಂಚು ಬೆಳ್ಳಗೆ ಮೆತ್ತಗಾಗಿತ್ತು. ಮುಟ್ಟಿದರೆ ಅವಳಿಗೆ ನೋವೇ ಇಲ್ಲ. ನೋವಿಲ್ಲದ್ದೇ ಅವನನ್ನು ಇನ್ನಷ್ಟು ಹೆದರಿಸಿತು.

"ಅವ್ವಾ, ಕೇಳು. ಹೊನ್ನತಾಯಮ್ಮ ಅನ್ನೋರು ಯಾರೂ ಇಲ್ಲ. ನಾನೇ ಕೂತು ಕಟ್ಟಿದ ಕಥೆ ಅದು."

ಪ್ರೇಮಮ್ಮ ನಕ್ಕಳು. "ಮಾತ್ರೆ ನುಂಗ್ಸಕ್ಕೆ ಇಂಥ ಸುಳ್ಳು ಹೇಳ್ಬೇಕೇನ್ ಮಗಾ?"

"ಸುಳ್ಳು ಅದು ಅವ್ವ. ಇದು ನಿಜ."

"ನಾನೇ ನೋಡಿವ್ನಿ ಕಣಪ್ಪ ಅವ್ಳ. ಸರಗೂರಿನ ಮದ್ವೇಲಿ. ಹಸ್ರು ಸೀರೆ ಉಟ್ಕಂಡು ಎಲೆ ಅಡ್ಕೆ ಹಂಚ್ತಾ ಇದ್ಲು. ನೇರಳೆ ಮರದ ಮನೆಯೋಳು."

"ಆ ಮರ ನೀನು ಹೇಳಿದ ಮೇಲೆ ನಾನು ಸೇರಿಸಿದ್ದು!"

"ಮತ್ತೆ! ನಾನು ನೋಡಿರೋದಕ್ಕೆ ತಾನೇ ಹೇಳಿದ್ದು? ನೋಡ್ದೆ ಇರೋದ್ನ ಹೇಳಕ್ಕೆ ನಾನೇನ್ ನಿನ್ನಂಗೆ ಕಥೆ ಬರಿಯೋಳಾ?"

ಇಪ್ಪತ್ತು ವರ್ಷ ಊರ ಜನರ ಸುಳ್ಳು ಹಿಡಿದವನು ತನ್ನದೇ ಸುಳ್ಳಿನ ಎದುರು ಬಾಯಿ ಬಿಟ್ಟುಕೊಂಡು ಕೂತ. ತಿರುಮಲನ ಒಪ್ಪಂದ ತಂದು ತೋರಿಸಿದ, ಕರಡು ತೋರಿಸಿದ. ಅವ್ವ ಅವನ್ನು ನೋಡಲೂ ಇಲ್ಲ. ಸೀತಾ ಬಂದು "ಹೌದು ಅತ್ತೆ, ನಿಜವಾಗ್ಲೂ ಕಟ್ಟಿದ್ದು, ನಾನೇ ತಮಿಳ್‌ಗೆ ಬರೆದಿದ್ದು" ಎಂದಳು. ಗಂಡ ಹೆಂಡತಿ ಇಬ್ಬರೂ ಮಾತಾಡಿಕೊಂಡು ಬಂದಿದ್ದೀರಿ ಎಂದು ಅವ್ವ ಗೋಡೆಯ ಕಡೆ ತಿರುಗಿದಳು. ಕೊನೆಗೆ ಭೋಜರಾಜ ಜೇಬಿನ ಕಾಗದ ತೆಗೆದು ಕನ್ನಡದಲ್ಲಿ ಓದಿದ. ಓದುವಾಗ ದನಿ ನಡುಗಿತು. ಕಥೆ ಓದುವಾಗ ಅವನ ದನಿ ಎಂದೂ ನಡುಗಿರಲಿಲ್ಲ.

"ನಂಗೆ ಭಯ ಆಗ್ತಿದೆ ಅವ್ವ" ಎಂದ. "ನೀನು ಹೋಗ್ಬುಡ್ತೀಯ ಅಂತ ಭಯ ಆಗ್ತಿದೆ."

ಪ್ರೇಮಮ್ಮ ಈ ಕಡೆ ತಿರುಗಿದಳು. ಐವತ್ತರ ಹತ್ತಿರದ ಮಗ ನೆಲದ ಮೇಲೆ ಕೂತು ಅಳುತ್ತಿದ್ದದ್ದನ್ನು ನೋಡಿದಳು. "ನಂಬದೋರ್ಗೆ ಪುಡಿ ಹಿಡಿಯಕ್ಕಿಲ್ಲ. ಕಾಗದ ಬರ್ಸಿದ ಆಯಮ್ಮ ಎಂಗೆ ತಗೋತಾವ್ಳೋ ಏನೋ" ಎಂದಳು. ಆಮೇಲೆ ಯೋಚಿಸಿ, "ಬೆಳಗ್ಗೆ ಅವ್ಳ ಮನೆಗೆ ಕರ್ಕೊಂಡು ಹೋಗು. ಅವ್ಳ ಕಾಲು ನಾನೇ ನೋಡ್ತೀನಿ. ಕೆಟ್ಟಿದ್ರೆ ಮಾತ್ರೆ ನುಂಗ್ತೀನಿ. ಇಲ್ದಿದ್ರೆ ಇನ್ನೊಂದು ದಪ ಮಾತ್ರೆ ಮಾತು ಎತ್ಬಾರ್ದು."

ಭೋಜರಾಜ ಒಪ್ಪಿದ. ಬೇರೆ ದಾರಿ ಇರಲಿಲ್ಲ.

ಬೆಳಿಗ್ಗೆ ಮಾತ್ರೆ ಪಟ್ಟಿ ಜೇಬಿಗಿಟ್ಟುಕೊಂಡು ಅವ್ವನನ್ನು ಆಟೋ ಹತ್ತಿಸಿದ. ವೇಲಚೇರಿಯಿಂದ ತಿರುವೊಟ್ಟಿಯೂರು ಎಂದರೆ ಊರಿನ ಒಂದು ತುದಿಯಿಂದ ಇನ್ನೊಂದು ತುದಿ. ಬಂದರಿನ ಲಾರಿಗಳ ಹಿಂದೆ ಆಟೋ ತೆವಳುವಾಗ ಅವನಿಗೆ ತನ್ನ ಮನಸ್ಸಿನಲ್ಲಿ ಏನು ನಡೆಯುತ್ತಿದೆ ಎಂದು ಗೊತ್ತಾಯಿತು. ಆ ಹೆಂಗಸಿನ ಕಾಲು ಚೆನ್ನಾಗಿರದಿರಲಿ ಎಂದು ಅವನು ಬೇಡಿಕೊಳ್ಳುತ್ತಿದ್ದ. ಹುಣ್ಣು ಮಾಯ್ದು ಅವಳು ಎದ್ದು ಓಡಾಡುತ್ತಿದ್ದರೆ ಅವ್ವ ಗೆದ್ದಳು, ಗೆದ್ದು ಸತ್ತಳು. ಯಾರಿಗೂ ಕೇಡು ಬಯಸದ ಮನುಷ್ಯ ಕಣ್ಣು ಮುಚ್ಚಿಕೊಂಡು ದೇವರೇ, ಕಪ್ಪಗಾಗಿರಲಿ, ಕೊಳೆತಿರಲಿ ಎಂದು ಅಂದುಕೊಂಡ.

ಕಡಲಿನ ಹತ್ತಿರದ ಓಣಿ. ಒಣಮೀನಿನ ವಾಸನೆ, ಕಾರ್ಖಾನೆಯ ಹೊಗೆಯ ವಾಸನೆ. ಬಾಗಿಲು ತೆರೆದವನು ಮೂವತ್ತರ ಉದಯ್, ರಾತ್ರಿ ಪಾಳಿ ಮುಗಿಸಿ ಬಂದ ಕೆಂಪು ಕಣ್ಣು. ಪುಡಿಯ ಕಂಪನಿಯ ಕಡೆಯಿಂದ ಬಂದಿದ್ದೇನೆ, ನಿಮ್ಮ ಕಾಗದ ಸಿಕ್ಕಿತು ಎಂದು ಭೋಜರಾಜ ತಮಿಳಿನಲ್ಲಿ ಶುರುಮಾಡಿದ. ಅಷ್ಟರಲ್ಲಿ ಅವನ ಬೆನ್ನ ಹಿಂದೆ ಪ್ರೇಮಮ್ಮ ಕನ್ನಡದಲ್ಲಿ, "ಇದೇನಾ ಮನೆ?" ಎಂದಳು.

ಉದಯ್ ಅವಳನ್ನು ನೋಡಿದ. ಬಿಳೀ ತಲೆ, ಕುಂಕುಮವಿಲ್ಲದ ದೊಡ್ಡ ಹಣೆ, ಕನ್ನಡ ಮಾತು. ಅವನ ಕಣ್ಣು ಅಗಲವಾಯಿತು. ಒಳಗೆ ತಿರುಗಿ ಕೂಗಿದ, "ಅಮ್ಮಾ! ಪಾಟಿ ವಂದುಟ್ಟಾಂಗ! ಪಾಟಿಯೇ ವಂದುಟ್ಟಾಂಗ!"

ಪಾಟಿ ಎಂದರೆ ಅಜ್ಜಿ. ಅಜ್ಜಿ ಬಂದುಬಿಟ್ಟರು ಎಂದು ಅವನು ಪ್ರೇಮಮ್ಮನ ಕಾಲಿಗೆ ಬಿದ್ದ. ಭೋಜರಾಜ ಅಲ್ಲ ಎನ್ನಲು ಬಾಯಿ ತೆರೆದ. ತಾನು ಕಟ್ಟಿದ ಹೆಂಗಸು ತನ್ನ ತಾಯಿಯ ಮೈಯಲ್ಲಿ ಹೊಸಿಲು ದಾಟಿ ಒಳಗೆ ಹೋಗುವುದನ್ನು ಅವನು ನೋಡುತ್ತ ನಿಂತ.

ಒಳಗೆ ಚಾಪೆಯ ಮೇಲೆ ಉದಯನ ತಾಯಿ ಗೋಡೆಗೆ ಒರಗಿದ್ದಳು. ಏಳಲು ಹೋಗಿ ಆಗದೆ ಕೂತಲ್ಲೇ ಕೈಮುಗಿದಳು. ಅವಳ ಮುಖದ ತುಂಬ ನಗು. "ಒಂದು ದಿನವೂ ತಪ್ಪಿಸಿಲ್ಲ ಪಾಟಿ. ನೀವು ಹೊಳೆಗೆ ಹಾಕಿದ ಹಾಗೇ ನಾನೂ ಮಾತ್ರೆಗಳನ್ನು ಸಮುದ್ರಕ್ಕೆ ಹಾಕಿಬಿಟ್ಟೆ" ಎಂದು ತಮಿಳಿನಲ್ಲಿ ಹೇಳಿ, ಹೊದಿಕೆ ಸರಿಸಿ ಕಾಲು ತೋರಿಸಿದಳು.

ಮೂರು ಬೆರಳು ಇದ್ದಿಲಿನಂತೆ ಕಪ್ಪಗಾಗಿದ್ದವು. ವಾಸನೆಗೆ ಭೋಜರಾಜ ಮುಖ ತಿರುಗಿಸಿದ. ತಿರುಗಿಸಿದ ಮುಖಕ್ಕೆ ಅವ್ವನ ಕಣ್ಣು ಸಿಕ್ಕಿತು. ಅವನು ತಲೆ ತಗ್ಗಿಸಿದ. ನಿನ್ನೆ ಅಷ್ಟು ಹೇಳಿದರೂ ನಂಬದವಳು ಆ ತಗ್ಗಿದ ತಲೆಯನ್ನು ನೋಡಿ ನಂಬಿದಳು.

ಪ್ರೇಮಮ್ಮ ನಿಧಾನವಾಗಿ ಚಾಪೆಯ ಮೇಲೆ ಕೂತಳು. ತನ್ನ ಎಡಗಾಲು ಚಾಚಿ ಹಿಮ್ಮಡಿಯ ಚಿಂದಿ ಬಿಚ್ಚಿದಳು. ಎಂಟು ವರ್ಷ ತರಕಾರಿ ಸಂತೆಯಲ್ಲಿ ಕಲಿತ ತಮಿಳನ್ನು ಕನ್ನಡಕ್ಕೆ ಬೆರೆಸಿ, "ಇಂಗ ಪಾರಮ್ಮಾ, ನಂದೂ ಇಪ್ಪಡಿಯೇ ಆಯ್ತು. ನಾನ್ ಸೊನ್ನದು ತಪ್ಪು" ಎಂದಳು. ಇಲ್ಲಿ ನೋಡಮ್ಮ, ನನ್ನದೂ ಹೀಗೆಯೇ ಆಯಿತು, ನಾನು ಹೇಳಿದ್ದು ತಪ್ಪು. ಭೋಜರಾಜನ ಕಡೆ ನೋಡದೆ ಕೈ ಚಾಚಿದಳು. ಅವನು ಮಾತ್ರೆ ಕೊಟ್ಟ. ಆ ಹೆಂಗಸಿನ ಎದುರೇ ಅದನ್ನು ಬಾಯಿಗೆ ಹಾಕಿಕೊಂಡು ಅವರ ಮನೆಯ ಲೋಟದ ನೀರು ಕುಡಿದಳು. "ನಾನೂ ತಗೊಂಡೆ. ನೀನೂ ತಗೋ. ಈಗ್ಲೇ ಆಸ್ಪತ್ರೆಗೆ ಹೊರಡು, ಏಳು."

ಉದಯನ ತಾಯಿಯ ನಗು ಸ್ವಲ್ಪ ಸ್ವಲ್ಪವಾಗಿ ಹೋಯಿತು. ತನ್ನ ಕಾಲನ್ನು ಮೊದಲ ಸಲ ನೋಡುವವಳಂತೆ ನೋಡಿಕೊಂಡಳು.

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ ಪಾಟಿ?" ಎಂದು ಕೇಳಿದಳು.

ಪ್ರೇಮಮ್ಮ ಅವಳ ಕೈ ಹಿಡಿದುಕೊಂಡಳು. ಉದಯ್ ಓಣಿಯ ತುದಿಗೆ ಓಡಿ ಆಟೋ ತಂದ, ಮೂವರೂ ಸೇರಿ ಅವಳನ್ನು ಎತ್ತಿ ಕೂರಿಸಿದರು. ಹೊರಡುವಾಗಲೂ ಅವಳು ಪ್ರೇಮಮ್ಮನ ಕೈ ಬಿಡಲಿಲ್ಲ. ಉದಯ್ ಬಿಡಿಸಬೇಕಾಯಿತು.

ಆಟೋ ಹೋದ ಮೇಲೆ ತಾಯಿ ಮಗ ಬೀದಿಯಲ್ಲಿ ಉಳಿದರು.

"ಅವ್ಳು ಇಲ್ವೇ ಇಲ್ಲ, ಅಲ್ವಾ?" ಎಂದಳು ಪ್ರೇಮಮ್ಮ.

"ಇಲ್ಲ ಅವ್ವ. ಬಾ, ನಿನ್ನನ್ನೂ ಡಾಕ್ಟರಿಗೆ ತೋರಿಸಬೇಕು."

ಅವಳು ಕದಲಲಿಲ್ಲ. ಎದುರಿನ ಪೆಟ್ಟಿಗೆ ಅಂಗಡಿಯಲ್ಲಿ ಶಾಂಪೂ ಸರದ ಪಕ್ಕ ಪುಡಿಯ ಪೊಟ್ಟಣಗಳ ಸರ ತೂಗುತ್ತಿತ್ತು. ಪ್ರತಿ ಪೊಟ್ಟಣದ ಮೇಲೂ, ಯಾವ ಅಜ್ಜಿಯನ್ನಾದರೂ ಹೋಲುವಂತೆ ನಾಲ್ಕು ಗೆರೆಯಲ್ಲಿ ಬರೆದ ಹೊನ್ನತಾಯಮ್ಮ ನಗುತ್ತಿದ್ದಳು. ಪ್ರೇಮಮ್ಮ ಅದನ್ನೇ ನೋಡುತ್ತ, "ಎಷ್ಟು ಜನ ತಗಂಡಿರ್ಬೋದು ಇದ್ನ?" ಎಂದು ಕೇಳಿದಳು.

"ನಲವತ್ತು ಸಾವಿರ ಪೊಟ್ಟಣ ಹೋಗಿದೆ ಅಂತ ತಿರುಮಲ ಹೇಳ್ತಿದ್ದ."

ಅವಳು ಗೋಡೆ ಹಿಡಿದು ಬಗ್ಗಿ ಹಿಮ್ಮಡಿಗೆ ಚಿಂದಿಯನ್ನು ಬಿಗಿಯಾಗಿ ಕಟ್ಟಿಕೊಂಡಳು. ಸೆರಗು ಸರಿಮಾಡಿಕೊಂಡಳು.

"ಪುಡಿ ತಗಂಡೋರ ಇನ್ನೊಂದು ಮನೆ ಎಲ್ಲಿ ಅದೆ, ನಡಿ" ಎಂದಳು.

ಭೋಜರಾಜ ನಿಂತೇ ಇದ್ದ. ಕಾಗದ ಬರೆದವರು ಐವತ್ತೋ ಅರವತ್ತೋ ಮಂದಿ. ಉಳಿದವರು ಯಾರು, ಎಲ್ಲಿದ್ದಾರೆ ಎಂದು ಅವನಿಗೆ ಗೊತ್ತಿರಲಿಲ್ಲ.